ಹಾರ್ಡ್ ಡಿಸ್ಕಿನೊಳಗಿನ ‘ನನ್ನದು’

ಮಾರಾಯ್ರೇ, ಟಿಕ್ ಟಿಕ್ ಎನ್ನುತ್ತಿದ್ದ ಲ್ಯಾಪ್‌ಟಾಪನ್ನು ಇವತ್ತು ಬಿ.ಸಿ.ರೋಡಿನ ರಿಪೇರಿ ಅಂಗಡಿಗೆ ಒಯ್ದೆ.

“ಇನ್ನೊಂದು ವರ್ಷ ಓಡ್ಲಿಕ್ಕಿಲ್ವಾ?” ಎಂದು ಕೇಳಿದೆ.

“ಈ ಹಾರ್ಡ್ ಡಿಸ್ಕನ್ನು ನಂಬ್ಲಿಕ್ಕಾಗುದಿಲ್ಲ ಸರ್, ಹೊಸತು ಹಾಕುವ. ಅಗತ್ಯದ್ದನ್ನು ಮೊದಲು ಕಾಪಿ ಮಾಡ್ತೇನೆ. ಮನೆಯವರ ಫೋಟೋ ಎಲ್ಲಿ ಉಂಟು?” ಎಂದರು ಅಂಗಡಿಯವರು.

ಫೋಟೋ ಇರಲಿಲ್ಲ. ಹದಿನೈದು ವರ್ಷಗಳಿಂದ ನಾನು ಟೈಪ್ ಮಾಡಿಕೊಟ್ಟ ಊರವರ ಮದುವೆ ಆಮಂತ್ರಣದ ಕಾಗದಗಳೇ ತುಂಬಿದ್ದವು. ಅವರು ‘ನನ್ನದು’ ಎಂಬ ಫೋಲ್ಡರ್ ತೆರೆದರು. ಅದರಲ್ಲಿ ಒಂದೇ ಕಾಗದ. ವರನ ಜಾಗದಲ್ಲಿ ನನ್ನ ಹೆಸರು, ವಧುವಿನ ಜಾಗ ಖಾಲಿ.

“ಇದು ಸ್ಯಾಂಪಲಾ ಸರ್?”

“ಹೌದು” ಎಂದೆ.

ಸಂಜೆಯವರೆಗೆ ಕೂತರೂ ಊರಿನ ಅರ್ಧದಷ್ಟು ಜೋಡಿಗಳು ಕಾಪಿಯಾಗಲಿಲ್ಲ. ನಂಬಲಾಗದ ಆ ಡಿಸ್ಕ್, ನನ್ನ ಸ್ಯಾಂಪಲನ್ನು ಮಾತ್ರ ಒಂದಕ್ಷರವೂ ಕೆಡದಂತೆ ಕಾಪಾಡಿತ್ತು.