ಹತ್ತಿ ನೋಡಿದ ಏಣಿಗಳು

ನಮ್ಮ ಮನೆಯಲ್ಲಿ ನನ್ನನ್ನು ‘ಭೂಮಿಗೆ ಭಾರ’ ಎಂದು ಬಯ್ಯದೆ ಉಳಿದವಳು ಅಕ್ಕ ಒಬ್ಬಳೇ. ಅವಳು ಆ ಭಾರಕ್ಕೆ ಒಂದು ಕೆಲಸ ಹುಡುಕಿ ಕೊಟ್ಟಳು.

ಅಕ್ಕ ಮರದ ಏಣಿ ಮಾಡಿಸುತ್ತಾಳೆ. ಮೊದಲಿನಿಂದ ಅವಳಿಗೂ ಏಣಿಗೂ ಯಾವ ನಂಟೂ ಇರಲಿಲ್ಲ. ಭಾವ ಗೋಡೆಗೆ ಬಣ್ಣ ಬಳಿಯುವ ಕೆಲಸದಲ್ಲಿದ್ದರು. ಒಂದು ದಿನ ಹೊಸ ಏಣಿಯ ಮೆಟ್ಟಿಲು ಮುರಿದು ಬಿದ್ದರು. ಸೊಂಟ ಆಮೇಲೆ ಸರಿಹೋಗಲೇ ಇಲ್ಲ. ಅಕ್ಕ ಮುರಿದ ಮೆಟ್ಟಿಲನ್ನು ಕೈಯಲ್ಲಿ ಹಿಡಿದು ಏಣಿ ಮಾರಿದವನ ಅಂಗಡಿಗೆ ಹೋದಳು. ಮುರಿದ ಜಾಗದಲ್ಲಿ, ಬಣ್ಣದ ಕೆಳಗೆ ಹೆಬ್ಬೆರಳ ಗಾತ್ರದ ಮರದ ಗಂಟು ಅಡಗಿ ಕೂತಿತ್ತು.

“ಇದನ್ನ ಮಾರೋಕೆ ಮುಂಚೆ ಯಾರಾದ್ರೂ ಒಂದ್ಸಲ ಹತ್ತಿ ನೋಡಿದ್ರಾ?”

“ಏಣಿ ಮಾರೋನು ಏಣಿ ಹತ್ಕೊಂಡು ಕೂತ್ರೆ ಅಂಗಡಿ ಯಾರಮ್ಮಾ ನೋಡ್ಕೊಳ್ಳೋದು?” ಎಂದು ಅವನು ನಕ್ಕನಂತೆ.

ಅಕ್ಕ ನಗಲಿಲ್ಲ. ಕೆಲಸ ಬಿಟ್ಟು ಮನೆಯಲ್ಲಿ ಕೂತಿದ್ದ ಒಬ್ಬ ಹಿರಿಯ ಬಡಗಿಯನ್ನು ಕಾಡಿ ಬೇಡಿ ಕರೆತಂದಳು. ಅವರನ್ನು ನಾವೆಲ್ಲ ತಾತ ಎನ್ನುತ್ತೇವೆ. ತಗಡಿನ ಸೂರಿನ ಒಂದು ಉದ್ದನೆಯ ಶೆಡ್ಡು, ನಾಲ್ಕು ಜನ ಬಡಗಿಗಳು, ಬಾಗಿಲ ಪಕ್ಕದ ಮೇಜಿನಲ್ಲಿ ಫೋನು ಹಿಡಿದು ಕೂತ ಭಾವ. ಇಷ್ಟೇ ಅವಳ ಕಾರ್ಖಾನೆ. ನಿಯಮ ಮೂರು. ಏಣಿಗೆ ಬಣ್ಣ ಬಳಿಯಬಾರದು, ಗಂಟಿದ್ದರೆ ಕಾಣಬೇಕು. ಹೊರಗೆ ಹೋಗುವ ಪ್ರತಿ ಏಣಿಯನ್ನೂ ಹತ್ತಿ, ಪ್ರತಿ ಮೆಟ್ಟಿಲ ಮೇಲೂ ಒಂದು ಸಲ ಕುಪ್ಪಳಿಸಿ ನೋಡಬೇಕು. ಹಾಗೆ ಹತ್ತುವಾಗ, ಆ ಏಣಿ ಮಾಡಿದವನು ಅದರ ಕೆಳಗೇ ನಿಂತಿರಬೇಕು. ಈ ಮೂರನೆಯದನ್ನು ಕೇಳಿ ಮೊದಲ ವಾರವೇ ಒಬ್ಬ ಬಡಗಿ ಕೆಲಸ ಬಿಟ್ಟು ಓಡಿದ. ಉಳಿದವರು ಮೆಟ್ಟಿಲಿಗೆ ಬಡಿಯುವ ಬೆಣೆಗಳು ಅಂದಿನಿಂದ ಬಹಳ ಬಿಗಿಯಾದವು.

ಹತ್ತಿ ನೋಡಿದ ಏಣಿಯ ಮೇಲಿನ ಮೆಟ್ಟಿಲಿಗೆ ನೀಲಿ ಪೆನ್ಸಿಲಿನ ಒಂದು ಗೀಟು. ಅದೇ ಗುರುತು.

ಮೊದಮೊದಲು ಅಕ್ಕನೇ ಹತ್ತುತ್ತಿದ್ದಳು. ಆದರೆ ಅವಳ ತೂಕ ನಲವತ್ತೈದು ಕಿಲೋ. ಅವಳು ಹತ್ತಿದ್ದು ಏಣಿಗೇ ಗೊತ್ತಾಗುತ್ತಿರಲಿಲ್ಲ. ನಾನು ಆಗಷ್ಟೇ ಮೂರನೆಯ ಕೆಲಸ ಕಳೆದುಕೊಂಡು ಅವಳ ಅಡುಗೆಮನೆಯಲ್ಲಿ ದುಃಖಪಡುತ್ತಾ ತಿನ್ನುತ್ತಿದ್ದೆ.

“ಎಷ್ಟಿದ್ದೀಯೋ ಈಗ?”

“ತೊಂಬತ್ತಾರು.”

“ನಾಳೆಯಿಂದ ಶೆಡ್ಡಿಗೆ ಬಾ.”

ಹೀಗೆ, ಊಟ ಮಾಡುವುದೇ ಅರ್ಹತೆಯಾಗಿರುವ ಏಕೈಕ ಹುದ್ದೆ ನನ್ನದಾಯಿತು. ನಾನು ಕುಪ್ಪಳಿಸಿದರೆ ತಾತನ ಬೆಂಚಿನ ಮೇಲಿನ ಅಂಟಿನ ಡಬ್ಬ ಅಲುಗುತ್ತಿತ್ತು. ತೆಳ್ಳಗಾಗುವ ಆಸೆ ತೋರಿಸಿದಾಗೆಲ್ಲ ಭಾವ, “ಕಂಪನಿಗೆ ದ್ರೋಹ ಮಾಡ್ಬೇಡಪ್ಪಾ” ಎನ್ನುತ್ತಿದ್ದರು.

ಹೋದ ವರ್ಷ ಬಣ್ಣದ ಮೇಸ್ತ್ರಿಯೊಬ್ಬರು ಒಂದೇ ಸಲಕ್ಕೆ ಮೂವತ್ತು ಏಣಿ ಕೇಳಿದರು. ದೊಡ್ಡದೊಂದು ಆಸ್ಪತ್ರೆಗೆ ಬಣ್ಣ ಬಳಿಯಬೇಕಿತ್ತು. ಇದು ಸರಿಹೋದರೆ ಪಕ್ಕದ ಕಟ್ಟಡಕ್ಕೆ ಇನ್ನೂ ನಲವತ್ತು ಎಂದರು. ನಮ್ಮ ಶೆಡ್ಡು ಅಷ್ಟು ದೊಡ್ಡ ಮಾತನ್ನು ಕೇಳಿದ್ದೇ ಇಲ್ಲ. ಕೊನೆಯ ದಿನ ಅಕ್ಕ ಮಧ್ಯಾಹ್ನದೊಳಗೆ ಹತ್ತು ಸಲ ಹೇಳಿದಳು: “ಸಂಜೆ ವ್ಯಾನ್ ಬರುತ್ತೆ. ಏನೇ ಆಗ್ಲಿ, ಮೂವತ್ತೂ ಹೋಗ್ಬೇಕು.”

ಊಟದ ಹೊತ್ತಿಗೆ ನನ್ನ ಮಂಡಿಗಳು ಕೈಕೊಟ್ಟವು. ಬಡಗಿಗಳು ಕೊನೆಯ ಬೆಣೆ ಬಡಿಯುವುದರಲ್ಲಿದ್ದರು. ಅಕ್ಕ ಮರಕ್ಕೆ ಸವರುವ ಎಣ್ಣೆ ತರಲು ಹೋಗಿದ್ದಳು. ನಾನು ಹಿತ್ತಲಲ್ಲಿ ಒರಗಿಸಿದ್ದ ಏಣಿಗಳನ್ನು ನೋಡಿದೆ, ಅವು ನನ್ನನ್ನು ನೋಡಿದವು. ಇಷ್ಟು ವರ್ಷದಲ್ಲಿ ಒಂದಾದರೂ ಮುರಿದಿದೆಯೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು, ಎಂಟು ಏಣಿಗಳನ್ನು ನೆಲಕ್ಕೆ ಮಲಗಿಸಿ, ಕೂತಲ್ಲೇ ಗೀಟೆಳೆದೆ. ಸಂಜೆ ವ್ಯಾನ್ ಹೋಯಿತು.

ಮರುದಿನ ಬೆಳಿಗ್ಗೆ ತಾತ ಅಂಟು ಕಲಸುತ್ತಾ, “ನಿನ್ನೆ ಊಟ ಆದ್ಮೇಲೆ ನನ್ನ ಡಬ್ಬ ಒಂದ್ಸಲಾನೂ ಅಲುಗಲಿಲ್ವಲ್ಲಾ” ಎಂದರು, ಯಾರನ್ನೂ ನೋಡದೆ.

ಅಕ್ಕ ನನ್ನನ್ನು ನೋಡಿದಳು. ನಾನು ಸೂರನ್ನು ನೋಡಿದೆ.

“ಎಷ್ಟೋ?”

“ಎಂಟು.”

“ಯಾವ್ಯಾವು?”

ಅದು ನನಗೆ ಹೇಗೆ ಗೊತ್ತಿರಬೇಕು! ಮೂವತ್ತಕ್ಕೂ ಒಂದೇ ಗೀಟು, ಒಂದೇ ನೀಲಿ. ಅಕ್ಕ ಭಾವನ ಕೈಯಿಂದ ಫೋನು ತೆಗೆದುಕೊಂಡಳು.

“ಅಕ್ಕಾ, ಮುಂದಿನ ನಲವತ್ತು ಏಣಿ...”

“ಬಾಯ್ಮುಚ್ಚು. ಮೇಸ್ತ್ರಿಗಳೇ, ನಮಸ್ಕಾರ. ನಿಮ್ಮೋರನ್ನೆಲ್ಲ ಏಣಿಯಿಂದ ಇಳಿಸಿ. ಹ್ಞೂಂ, ಈಗ್ಲೇ. ನಮ್ಮ ಗುರುತು ಸುಳ್ಳಾಗಿದೆ. ಬಂದು ಹೇಳ್ತೀನಿ.”

ನಾವು ಹೋದಾಗ ಇಪ್ಪತ್ತೈದು ಜನ ಬಣ್ಣದವರು ಕೈಕಟ್ಟಿ ನಿಂತಿದ್ದರು. ಅಕ್ಕ ನಡೆದದ್ದನ್ನು ಹೇಳಿದಳು. ಮೇಸ್ತ್ರಿಯ ಮುಖ ಕೆಂಪಗಾಯಿತು. “ಯಾರಮ್ಮ ಈ ಕೆಲ್ಸ ಮಾಡಿದ್ದು?” ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಆದರೆ ನನ್ನಂಥವನು ಯಾರ ಹಿಂದೆ ತಾನೆ ಅಡಗಲು ಸಾಧ್ಯ? ಅಕ್ಕ ನನ್ನ ಕಡೆ ತಿರುಗಲೂ ಇಲ್ಲ.

“ಗುರುತು ನನ್ನದು ಮೇಸ್ತ್ರಿಗಳೇ. ಅವಸರ ಮಾಡಿದ್ದೂ ನಾನೇ. ಬಯ್ಯೋದಿದ್ರೆ ನನಗೇ ಬಯ್ರಿ.”

ಅವರು ಬಯ್ದರು, ಧಾರಾಳವಾಗಿ. ಅಕ್ಕ ಪೂರ್ತಿ ಕೇಳಿಸಿಕೊಂಡು, ಮೊದಲ ಏಣಿಯನ್ನು ಗೋಡೆಗೆ ಒರಗಿಸಿದಳು. ಬಡಗಿಗಳನ್ನು ಅವಳು ಕರೆತಂದಿರಲಿಲ್ಲ. ಏಣಿಯ ಕೆಳಗೆ ತಾನೇ ಹೋಗಿ ನಿಂತಳು.

“ಹತ್ತೋ.”

“ಅಕ್ಕಾ, ನೀನು ಆ ಕಡೆ ಬಾ. ನಾನೇನಾದ್ರೂ ಬಿದ್ರೆ ನೀನು ಅಪ್ಪಚ್ಚಿ.”

“ಹಾಗಾದ್ರೆ ಸರಿಯಾಗಿ ನೋಡ್ಕೊಂಡು ಹತ್ತು.”

ಮೂವತ್ತು ಏಣಿ. ಪ್ರತಿ ಮೆಟ್ಟಿಲಲ್ಲೂ ಕುಪ್ಪಳಿಸುವ ಮೊದಲು ಕೆಳಗೆ ಅಕ್ಕನ ನರೆತ ಬೈತಲೆ ಕಾಣುತ್ತಿತ್ತು. ಆ ದಿನ ಬೆವರಿದಷ್ಟು ನಾನು ಜನ್ಮದಲ್ಲಿ ಬೆವರಿಲ್ಲ. ಬಣ್ಣದವರು ಮೊದಲು ಕಿಸಿಕಿಸಿ ನಕ್ಕರು. ಹತ್ತನೆಯ ಏಣಿಯ ಹೊತ್ತಿಗೆ ನಗು ನಿಂತಿತು. ಒಬ್ಬ ನೀರು ತಂದುಕೊಟ್ಟ. ಸಂಜೆಯಾಯಿತು. ಮೂವತ್ತರಲ್ಲಿ ಒಂದೂ ಕಿರ್‍ರೆನ್ನಲಿಲ್ಲ.

“ಎಲ್ಲಾ ಗಟ್ಟಿಯಾಗೇ ಇದ್ವಲ್ಲಮ್ಮ! ಸುಮ್ನೆ ನನ್ನ ಒಂದು ದಿನ ಹಾಳು ಮಾಡಿದ್ರಿ” ಎಂದರು ಮೇಸ್ತ್ರಿ. “ಇನ್ನು ಆ ನಲವತ್ತು ಬೇರೆ ಕಡೆ ನೋಡ್ಕೋತೀನಿ.”

ವಾಪಸು ಬರುವಾಗ ನಾನು ಗೊಣಗಿದೆ. “ಎಲ್ಲಾ ಗಟ್ಟಿ ಇತ್ತು. ಸುಮ್ನಿದ್ದಿದ್ರೆ ಆಗ್ತಿತ್ತು.”

“ಗಟ್ಟಿ ಇತ್ತು ಅಂತ ಈಗ ಗೊತ್ತು. ಬೆಳಿಗ್ಗೆ ಗೊತ್ತಿತ್ತೇನೋ?”

ಮರುದಿನ ಅಕ್ಕ ಎಲ್ಲರನ್ನೂ ನಿಲ್ಲಿಸಿದಳು. ನನ್ನನ್ನು ಹೊರಗೆ ಹಾಕುತ್ತಾಳೆ ಎಂದು ನಾನು ಊಟದ ಡಬ್ಬಿಯನ್ನೂ ತಂದಿರಲಿಲ್ಲ. ಅವಳು ಹೇಳಿದ್ದು ಇಷ್ಟು: “ಏನೇ ಆಗ್ಲಿ ಹೋಗ್ಬೇಕು ಅಂದೆನಲ್ಲ, ಆ ಮಾತು ನನ್ನ ತಪ್ಪು. ಆಗಲ್ಲ ಅಂತ ನನ್ನ ಹತ್ರ ಹೇಳೋಕೆ ಇವನಿಗೆ ಭಯ ಆಗಿತ್ತು. ಇನ್ಮೇಲೆ ಆಗದಿದ್ರೆ ಆಗಲ್ಲ ಅನ್ನಿ. ತಡ ಆಯ್ತು ಅಂತ ಬೈಸ್ಕೊಳ್ಳೋದು ನನ್ನ ಕೆಲಸ.” ಆಮೇಲೆ ನನ್ನ ಕಡೆ ತಿರುಗಿ, “ಇನ್ನೊಂದ್ಸಲ ಸುಳ್ಳು ಗೀಟು ಎಳೆದ್ರೆ ಮಾತ್ರ ತಮ್ಮ ಅಂತಾನೂ ನೋಡಲ್ಲ” ಎಂದಳು.

ಹತ್ತು ದಿನ ಕಳೆದವು. ಮೇಸ್ತ್ರಿಯ ಫೋನು ಬಂತು. ಭಾವ ಕೇಳಿಸಿಕೊಳ್ಳುತ್ತಾ ಕೇಳಿಸಿಕೊಳ್ಳುತ್ತಾ ನಗುವುದಕ್ಕೆ ಶುರುಮಾಡಿದರು. ಬೇರೆ ಕಡೆಯಿಂದ ನಲವತ್ತು ಏಣಿ ಬಂದಿತ್ತಂತೆ. ಬಣ್ಣದವರು ಒಬ್ಬರೂ ಹತ್ತುತ್ತಿಲ್ಲವಂತೆ. “ಮೊದಲು ಆ ದಪ್ಪಗಿನವರು ಬಂದು ಕುಪ್ಪಳಿಸಲಿ” ಎಂದು ಹಟ ಹಿಡಿದು ಕೂತಿದ್ದಾರಂತೆ. ಭಾವ ಫೋನನ್ನು ಅಕ್ಕನ ಕೈಗೆ ಕೊಟ್ಟರು.

“ನಿಮ್ಮ ತಮ್ಮನ್ನ ಒಂದು ದಿನದ ಮಟ್ಟಿಗೆ ಕಳಿಸಿ ಅಮ್ಮ” ಎಂದರು ಮೇಸ್ತ್ರಿ.

“ಬೇರೆಯವರ ಏಣಿಗೆ ನಮ್ಮ ಹುಡುಗನ್ನ ಹತ್ತಿಸಲ್ಲ. ಮಾಡಿದವರು ಕೆಳಗೆ ನಿಲ್ತಾರಾ ಕೇಳಿ ನೋಡಿ.”

ಅವರು ಯಾರೂ ನಿಲ್ಲುವುದಿಲ್ಲವೆಂದು ಮೇಸ್ತ್ರಿಗೂ ಗೊತ್ತಿತ್ತು. ಕೊನೆಗೆ ಮೇಸ್ತ್ರಿ, “ಆಯ್ತು, ನೀವೇ ಮಾಡಿಕೊಡಿ. ಶನಿವಾರಕ್ಕೆ ನಲವತ್ತೂ ಬೇಕು” ಎಂದರು. ಅಕ್ಕ ಫೋನಿನ ಬಾಯಿಗೆ ಕೈ ಅಡ್ಡ ಹಿಡಿದು ಮೊದಲು ತಾತನನ್ನು ನೋಡಿದಳು. ತಾತ, “ಮಾಡೋದೇನೋ ಮಾಡ್ತೀವಿ” ಎಂದರು. ಆಮೇಲೆ ಅಕ್ಕ ನನ್ನನ್ನು ನೋಡಿದಳು. ಶೆಡ್ಡಿನಲ್ಲಿ ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

“ಶನಿವಾರಕ್ಕಾಗಲ್ಲಕ್ಕಾ,” ಎಂದೆ. “ಮಂಡಿ ತಡೆಯಲ್ಲ. ಇನ್ನೆರಡು ದಿನ ಬೇಕು.”

ಅಕ್ಕ ಅದನ್ನು ಹಾಗೆಯೇ ಮೇಸ್ತ್ರಿಗೆ ಹೇಳಿ, ಫೋನನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದು, ಅವರು ಕೂಗಾಡಿ ಮುಗಿಸುವ ತನಕ ಕಾಯುತ್ತಾ ನಿಂತಳು.