ಅವ್ವನ ಕಾಲಿನ ನಾಲ್ಕು ನಿಮಿಷ

ತಮ್ಮಾ ಮಾರೆಪ್ಪ, ನಿನ್ನ ಸಿನಿಮಾವನ್ನು ನಿನ್ನ ಕೈಯಿಂದಲೇ ಅಳಿಸಿಹಾಕಿಸಿದವನು ನಾನು. ಮೂರು ವರ್ಷದಿಂದ ಅವ್ವನಿಗೆ ಬೇರೆಯೇ ಹೇಳುತ್ತಿದ್ದೇನೆ.

ಆ ಭಾನುವಾರ ಬೆಳಿಗ್ಗೆ ಎಲ್ಲ ಎಂದಿನಂತೆಯೇ ಇತ್ತು. ಅವ್ವ ಕಂಪ್ಲಿಯ ಅಕ್ಕಿ ಮಿಲ್ಲಿಗೆ ಹೋದಳು. ನಾವಿಬ್ಬರು ಬಸ್ಸು ಹತ್ತಿ ಹೊಸಪೇಟೆಗೆ ಹೋದೆವು, ನಾನು ದೇವರಂತೆ ಕಾಣುತ್ತಿದ್ದ ನಿರ್ದೇಶಕನ ಹೊಸ ಚಿತ್ರಕ್ಕೆ. ಚಿತ್ರ ಸಪ್ಪೆಯಾಗಿತ್ತು. ನೀನು ಹಾಗೆಂದೆ. ನನಗೂ ಹಾಗೇ ಅನ್ನಿಸಿತ್ತು, ಆದರೆ ತೆರೆಯ ಮೇಲೆ ಅವನ ಹೆಸರು ಬಂದಾಗಲೇ ನಾನು ಎದ್ದು ನಿಂತು ಚಪ್ಪಾಳೆ ಹೊಡೆದಿದ್ದೆ. ಆಮೇಲೆ ಹೇಗೆ ಒಪ್ಪಿಕೊಳ್ಳಲಿ—

ಆಟ ಬಿಟ್ಟ ಮೇಲೆ ಚಹದಂಗಡಿಯಲ್ಲಿ ಗೆಳೆಯರ ಮುಂದೆ ನೀನು ಫೋನು ತೆಗೆದೆ.

"ಅಣ್ಣಾ, ನಿಮ್ಮ ಡೈರೆಕ್ಟರು ಸಿನಿಮಾ ಕಲಿಯೋವಾಗ ಮಾಡಿದ್ದಂತ ಇದು. ಹೆಸರು ಹಾಕಿಲ್ಲ. ನಾಕೇ ನಿಮಿಷ, ನೋಡು."

ಅಂಗಳದಲ್ಲಿ ಹರವಿದ ಬೇಯಿಸಿದ ಭತ್ತ. ಅದರೊಳಗೆ ಸಾಲು ಎಳೆಯುತ್ತ ನಡೆಯುವ ಒಬ್ಬ ಹೆಂಗಸಿನ ಪಾದಗಳು. ಮುಖವಿಲ್ಲ, ಮಾತಿಲ್ಲ. ಕೊನೆಗೆ ಭತ್ತದ ಮೇಲೆ ಯಾರದೋ ನೆರಳು ಬಿದ್ದು ಸರಿಯುತ್ತದೆ. ನನ್ನ ಕಣ್ಣು ಒದ್ದೆಯಾಯಿತು. ಗೆಳೆಯರತ್ತ ತಿರುಗಿದೆ.

"ನೋಡ್ರಲೇ, ಬರೇ ಕಾಲು ತೋರ್ಸಿ ಒಂದ್ ಜನ್ಮ ಹೇಳ್ಯಾನ! ಕ್ಯಾಮೆರಾ ನಡುಗತೈತಲ್ಲ, ಅದು ಬೇಕಂತಲೇ ನಡುಗ್ಸಿದ್ದು. ಆ ನೆರಳು ಅವಂದೇ. ಅದೇ ಅವನ ಸಹಿ."

ನೀನು ನಕ್ಕೆ. "ಅಣ್ಣಾ, ಅವು ಅವ್ವನ ಕಾಲು. ನೆರಳು ನಂದು."

ಎಲ್ಲರೂ ಮೇಜು ಬಡಿದರು. "ಏ ಪಂಡಿತ, ಈಗೇನಂತೀಯಪಾ?" ಎಂದರು.

ದಿನಾ ಊಟಕ್ಕೆ ಕೂತಾಗ ಎದುರಿಗಿರುವ ಪಾದಗಳು. ನನಗೆ ಗುರುತು ಸಿಗಲಿಲ್ಲ. ಅದನ್ನು ಅಲ್ಲಿಯೇ ಹೇಳಬಹುದಿತ್ತು. ಬದಲಿಗೆ ನಿನ್ನ ಮೇಲೆ ಹರಿಹಾಯ್ದೆ.

"ಅದಕ್ಕ ಕ್ಯಾಮೆರಾ ಮೊದ್ಲಿಂದ ನಡುಗಾಕತ್ತಿತ್ತು. ಕಸ ಐತಿ. ಹಡೆದವ್ವನ ಕಾಲು ತೋರ್ಸಿ ಮಂದಿ ಮುಂದ ಮರ್ಯಾದಿ ಕಳೀತೀ ಏನ್ಲೇ? ಅಳಸು. ನನ್ನ ಎದುರಿಗೇ ಅಳಸು."

ನೀನು ನನ್ನ ಮುಖವನ್ನೇ ನೋಡಿದೆ. ನಗು ಇನ್ನೂ ಪೂರ್ತಿ ಆರಿರಲಿಲ್ಲ. ಅಳಿಸಿದೆ.

ಅದಾಗಿ ಹತ್ತೊಂಬತ್ತನೇ ದಿನ, ವಡ್ಡುವಿನ ಉಕ್ಕಿನ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬರುವಾಗ ನಿನ್ನ ಬೈಕು ಜಾರಿತು. ಅಷ್ಟೂ ದಿನ ನಾನು ನಿನ್ನ ಜೊತೆ ಮಾತಾಡಿರಲಿಲ್ಲ.

ಇನ್ನೊಂದಿದೆ. ಇದನ್ನು ಯಾರಿಗೂ ಹೇಳಿಲ್ಲ. ನಿನ್ನ ಫೋನಿಗೆ ಏನೂ ಆಗಿರಲಿಲ್ಲ. ಬೀಗ ತೆಗೆಯಲು ಪರದೆಯ ಮೇಲೆ ಎಳೆಯುವ ಗೀಟು ನನಗೆ ಗೊತ್ತಿತ್ತು. ಅಳಿಸಿದ್ದು ಮೂವತ್ತು ದಿನ ಅದರ ಕಸದ ಬುಟ್ಟಿಯಲ್ಲೇ ಉಳಿದು ಆಮೇಲೆ ಪೂರ್ತಿ ಹೋಗುತ್ತದೆ ಎಂಬುದೂ ಗೊತ್ತಿತ್ತು. ನಿನ್ನನ್ನು ಮಣ್ಣು ಮಾಡಿ ಬಂದಾಗ ಇನ್ನೂ ಹತ್ತು ದಿನ ಬಾಕಿಯಿತ್ತು. ಫೋನನ್ನು ಬೀರುವಿನಲ್ಲಿಟ್ಟೆ. ದುಃಖಕ್ಕಲ್ಲ. ಸಿಟ್ಟಿಗೆ. ಸತ್ತ ಮೇಲೂ ನಿನ್ನ ಮೇಲೆ ಸಿಟ್ಟಿತ್ತು—ನಾಲ್ಕು ಜನರ ಮುಂದೆ ನನ್ನನ್ನು ಯಾಕೆ ಪರೀಕ್ಷೆ ಮಾಡಿದೆ? ತೆರೆದು ನೋಡಿದರೆ, ಯಾರ ಹೆಸರೂ ಇಲ್ಲದೆ ಅದು ಚೆಂದವೇ ಆಗಿರುತ್ತಿತ್ತು. ಅದನ್ನು ನೋಡುವ ಧೈರ್ಯ ನನಗಿರಲಿಲ್ಲ. ಹತ್ತೂ ದಿನ ಎಣಿಸಿದೆ, ತೆರೆಯಲಿಲ್ಲ.

ಅವ್ವ ಈಗಲೂ ಕೇಳುತ್ತಾಳೆ. "ಅವ ನನ್ ಕಾಲು ಹಿಡದಿದ್ನಲ್ಲೋ ಫೋನಿನಾಗ, ಒಂದ್ಸಲ ತೋರ್ಸಪಾ. ಕಾಲು ನೋಡಾಕಲ್ಲ, ಅವನ ನೆರಳು ಬಿದ್ದೈತಂತಲ್ಲ, ಅದಕ್ಕ."

"ಫೋನು ಒಡದು ಹೋಗೈತವ್ವ" ಎನ್ನುತ್ತೇನೆ.

ನಾಳೆ ಅವಳ ಮುಂದೆ ಕೂತು, ನಿನಗೆ ಬರೆದ ಇದನ್ನೆಲ್ಲ ಓದಿ ಹೇಳುತ್ತೇನೆ. ಅವಳು ಬೈದರೆ ಬೈಯಲಿ.

ಫೋನು ಬೀರುವಿನಲ್ಲಿದೆ. ನಿನ್ನ ನೆರಳು ಅದರಲ್ಲಿಲ್ಲ.