ನಾನು ಕೂಗಿದ್ದು ‘ಉಂಟು’

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ನಾನು ‘ಉಂಟು’ ಎಂದು ಕೂಗಿದೆ. ‘ಉಂತು’ ಎಂದಲ್ಲ. ಗಂಟೆ ಅಷ್ಟು ಖಚಿತವಾಗಿ ಗೊತ್ತಿರಲು ಕಾರಣವಿದೆ—ಕುಶಾಲಪ್ಪ ರೈಲು ಸೇತುವೆಗೆ ಇಳಿಯುವ ಮೊದಲು ತನ್ನ ವಾಚು ಬಿಚ್ಚಿ ನನ್ನ ಕೈಗೆ ಕೊಟ್ಟಿದ್ದ. ಅದು ನನ್ನ ಅಂಗೈಯಲ್ಲೇ ಇತ್ತು.

ನಮ್ಮ ಕಡೆಯವರಿಗೆ ಈ ಎರಡು ಮಾತು ಬಿಡಿಸಿ ಹೇಳಬೇಕಿಲ್ಲ. ಬೇರೆಯವರಿಗಾಗಿ ಹೇಳುತ್ತೇನೆ. ‘ಉಂಟು’ ಎಂದರೆ ಇದೆ. ‘ಉಂತು’ ಎಂಬುದು ತುಳು, ನಿಲ್ಲು ಎಂದರ್ಥ. ದೂರದಿಂದ ಕೂಗಿದರೆ, ಗಾಳಿ ಇದ್ದರೆ, ಒಂದು ಇನ್ನೊಂದರಂತೆ ಕೇಳಿಸಬಹುದು. ಆ ‘ಬಹುದು’ ಎಂಬುದರ ಹಿಂದೆ ನಾನು ನಾಲ್ಕು ವರ್ಷ ಅಡಗಿ ಕುಳಿತೆ.

ಕುಶಾಲಪ್ಪ ಸುಳ್ಯದ ಕಡೆಯ ಕೊಲ್ಲಮೊಗ್ರಿನವನು. ಮನೆಯಲ್ಲಿ ಆ ಕಡೆಯ ಅರೆಭಾಷೆ, ನನ್ನೊಡನೆ ಕನ್ನಡ, ಅಂಗಡಿಗೆ ಬಂದವರೊಡನೆ ಮುರುಕು ತುಳು. ಪುತ್ತೂರಿನ ದರ್ಬೆಯಲ್ಲಿ ಅವನದೊಂದು ರೇಡಿಯೋ ರಿಪೇರಿ ಅಂಗಡಿ. ನಾನು ಬಿ.ಎಸ್ಸಿ. ಮುಗಿಸಿ ಹತ್ತಿರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ, ಸಂಜೆಯಾದರೆ ಅವನ ಬೆಂಚಿನ ಮೇಲೆ ಕೂರುತ್ತಿದ್ದೆ. ಮೀಟರು ಹಿಡಿಯುವ ಮೊದಲು ಅವನು ಕಿವಿ ಹಿಡಿಯುತ್ತಿದ್ದ. ಕಣ್ಣು ಮುಚ್ಚಿ, ತಲೆ ಓರೆ ಮಾಡಿ, ಸ್ಪೀಕರಿಗೆ ಕಿವಿ ಕೊಟ್ಟು, “ಕಂಡೆನ್ಸರ್ ಹೋಗ್ಯುಂಟು” ಎನ್ನುತ್ತಿದ್ದ. ತಪ್ಪಿದ್ದನ್ನು ನಾನು ಕಂಡಿಲ್ಲ.

ಅಂಗಡಿಯ ಹಿಂದಿನ ಗೋಡೆಯಲ್ಲಿ, ಒಳಗೆಲ್ಲ ಕಿತ್ತು ಖಾಲಿ ಮಾಡಿದ ಹಳೆಯ ಮರದ ರೇಡಿಯೋ ಪೆಟ್ಟಿಗೆಯೊಂದಿತ್ತು. ಅದರಲ್ಲಿ ಅವನ ಸಂಪತ್ತು—ಹಡಗಿನಲ್ಲಿ ಸರಕು ಹೇರುವ ಕಬ್ಬಿಣದ ಕಂಟೈನರುಗಳ ಪುಟ್ಟ ಪುಟ್ಟ ನಕಲುಗಳು. ಆಟಿಕೆ ರೈಲಿನ ಬೋಗಿಗಳ ಮೇಲೆ ಇಡುವಂಥವು, ಒಂದೊಂದೂ ಕಿರುಬೆರಳಿಗಿಂತ ಗಿಡ್ಡ. ಅವನ ಹೆಂಡತಿ ಲೀಲಾಳ ಅಣ್ಣ ಹಡಗಿನಲ್ಲಿ ಅಡುಗೆಯವನು. ದೂರದ ಬಂದರುಗಳ ಆಟಿಕೆ ಅಂಗಡಿಗಳಿಂದ ಎರಡೆರಡಾಗಿ ತಂದುಕೊಡುತ್ತಿದ್ದ. ನೀಲಿ, ಹಸಿರು, ಬೂದು, ಕಿತ್ತಳೆ. ಬದಿಯಲ್ಲಿ ಸಾಸಿವೆಗಿಂತ ಸಣ್ಣ ಅಕ್ಷರ. ಕುಶಾಲಪ್ಪ ತಾನೂ ಕೆಲವನ್ನು ಮಾಡಿದ್ದ, ಹಾಲಿನ ಪುಡಿಯ ಡಬ್ಬಿಯ ತಗಡನ್ನು ಬಾಚಣಿಗೆಯ ಹಲ್ಲಿಗೆ ಒತ್ತಿ ಒತ್ತಿ, ಅಸಲಿನಂತೆಯೇ ಏರುತಗ್ಗು ಬರಿಸಿ. ಆದರೆ ಅವನ ಬಳಿ ಆಟಿಕೆ ರೈಲು ಇರಲಿಲ್ಲ. ಒಂದು ಗೇಣು ಹಳಿಯೂ ಇರಲಿಲ್ಲ.

“ರೈಲಿಲ್ಲದೆ ಎಂತಕ್ಕೆ ಇದು?” ಎಂದು ಕೇಳಿದ್ದೆ.

“ರೈಲು ನಮ್ಮೂರಲ್ಲೇ ಉಂಟಲ್ಲ ಮಾರಾಯಾ, ಅಷ್ಟು ದೊಡ್ಡದು! ಮತ್ತೊಂದು ಎಂತಕ್ಕೆ?”

ಅದು ತಮಾಷೆಯಾಗಿರಲಿಲ್ಲ. ಪುತ್ತೂರಿಗೆ ರೈಲು ಬಂದು ಆಗ ನಾಲ್ಕೈದು ವರ್ಷವಷ್ಟೆ. ಆದಿತ್ಯವಾರ ನಾವಿಬ್ಬರೂ ಎಡಮಂಗಲದ ಕಡೆ ಹೋಗಿ, ಹಳಿಗಾಗಿ ಕಡಿದ ಗುಡ್ಡದ ಅಂಚಿನಲ್ಲಿ ಕೂರುತ್ತಿದ್ದೆವು. ಹಳಿ ನಮ್ಮ ಎಡದ ಕಣಿವೆಯಿಂದ ಹೊರಬಂದು, ಕಾಲ ಕೆಳಗಿನ ಸಣ್ಣ ಸೇತುವೆ ದಾಟಿ, ಬಲಕ್ಕೆ ತಿರುಗಿ, ಸುಮಾರು ನೂರು ಮೀಟರು ಆಚೆ ಮತ್ತೆ ಬಯಲಿಗೆ ಬರುತ್ತಿತ್ತು. ಗೂಡ್ಸ್ ಗಾಡಿ ಆ ತಿರುವಿಗೆ ಬಂದಾಗ ಕುಶಾಲಪ್ಪ ಒಂದು ಕಣ್ಣು ಮುಚ್ಚಿ, ಕೈ ಚಾಚಿ, ಕಂಟೈನರನ್ನು ಎರಡು ಬೆರಳಲ್ಲಿ ಹಿಡಿಯುತ್ತಿದ್ದ. ಆ ದೂರಕ್ಕೆ, ಆ ಅಳತೆಗೆ, ಅದು ಖಾಲಿ ಬೋಗಿಯ ಮೇಲೆ ಸರಿಯಾಗಿ ಕೂರುತ್ತಿತ್ತು. ಗಾಡಿ ಸಾಗಿದಂತೆ ಕೈಯೂ ನಿಧಾನ ಸಾಗುತ್ತಿತ್ತು. “ಲೋಡ್ ಆಯ್ತು,” ಎನ್ನುತ್ತಿದ್ದ, ತೃಪ್ತಿಯಿಂದ. ಮೂವತ್ತೈದು ದಾಟಿದ ಗಂಡಸು. ಅಷ್ಟು ಸಂತೋಷವಾಗಿ ಬದುಕಿದ್ದ ಇನ್ನೊಬ್ಬರನ್ನು ನಾನು ನೋಡಿಲ್ಲ.

ಆ ಆದಿತ್ಯವಾರ ಹೊಸ ಕೆಂಪು ಕಂಟೈನರ್ ತಂದಿದ್ದ. ಬಾಗಿಲು ತೆರೆಯುವಂಥದ್ದು ಅದೊಂದೇ. ಮೂರು ಗಂಟೆಯ ಗೂಡ್ಸ್ ತಿರುವಿಗೆ ಬಂದಾಗ ಅದನ್ನು ನನ್ನ ಬೆರಳಿಗೆ ಕೊಟ್ಟು, “ಇವತ್ತು ನೀನು ಲೋಡ್ ಮಾಡು” ಎಂದ. ಅವನು ಹಾಗೆ ಯಾರಿಗೂ ಕೊಟ್ಟವನಲ್ಲ.

ಬೆವರಿತ್ತೋ ಏನೋ—ಅದು ಜಾರಿತು. ಕಲ್ಲಿಗೆ ತಾಗಿ, ಇಳಿಜಾರಿನಲ್ಲಿ ಪುಟಿದು, ಸೇತುವೆಯ ಮೇಲೆ ಹಳಿ ಹೊತ್ತ ಸ್ಲೀಪರು ತೊಲೆಗಳ ನಡುವೆಲ್ಲೋ ಮಾಯವಾಯಿತು.

ಅವನು ಬೈಯಲಿಲ್ಲ. “ಇನ್ನು ಸಂಜೆವರೆಗೆ ಗಾಡಿ ಇಲ್ಲ. ನೀನು ಎಡಗಡೆ ನೋಡ್ತಾ ಇರು,” ಎಂದು ವಾಚು ಕೊಟ್ಟು ಇಳಿದ. ನನ್ನ ಕೆಲಸ ಅಷ್ಟೆ, ಎಡಗಡೆ ನೋಡುವುದು. ಅವನು ಸೇತುವೆಯ ನಡುವಿನವರೆಗೆ ಬಗ್ಗಿ ಬಗ್ಗಿ ಹುಡುಕಿ, ತಲೆ ಎತ್ತಿದ.

“ಕಾಣುದಿಲ್ಲ ಮಾರಾಯಾ. ಬಿಡು, ಹಿಂದೆ ಬರ್ತೆ.”

ಬಂದುಬಿಡುತ್ತಿದ್ದ. ಒಂದು ಹೆಜ್ಜೆ ತಿರುಗಿಯೂ ಇದ್ದ. ಆದರೆ ನನಗೆ ಮೇಲಿನಿಂದ ಕೆಂಪು ಮಿನುಗು ಕಾಣಿಸಿತು, ಅವನ ಮುಂದೆ ನಾಲ್ಕು ಸ್ಲೀಪರ್ ದೂರದಲ್ಲಿ. ಬೀಳಿಸಿದವನು ನಾನು. ಅದು ಸಿಗಲೇಬೇಕಿತ್ತು. “ಉಂಟು! ಉಂಟು!” ಎಂದು ಕೂಗಿದೆ. ಅವನು ಮತ್ತೆ ಬಗ್ಗಿ ಮುಂದಕ್ಕೆ ಹೊರಟ.

ಎಡದ ಕಣಿವೆಯಿಂದ ಆಗಲೇ ಏನೋ ಸದ್ದು ಬಂದಿತ್ತು. ರಸ್ತೆಯ ಲಾರಿ ಎಂದುಕೊಂಡೆ—ಎಂದುಕೊಂಡೆ ಎಂದು ಬರೆದರೆ ಅದೂ ಸ್ವಲ್ಪ ಸುಳ್ಳು. ಲಾರಿಯಾಗಿರಲಿ ಎಂದು ಬಯಸಿದೆ. ಇನ್ನೊಂದು ಕ್ಷಣ, ಸಿಕ್ಕಿಬಿಡುತ್ತದೆ ಎಂದು—

ಬೋಗಿಗಳಿಲ್ಲದ ಒಂಟಿ ಎಂಜಿನ್ ಕಣಿವೆಯಿಂದ ಹೊರಬಂತು. ಅದು ಕೂಗಿದ್ದು, ಕುಶಾಲಪ್ಪ ನಿಂತದ್ದು, ಅವನ ಅಂಗಿಯ ಬೆನ್ನು, ಆಮೇಲೆ ಅಂಗಿ ಇದ್ದ ಜಾಗದಲ್ಲಿ ಎಂಜಿನ್. ಇಂದಿಗೂ ಇದೇ ಕ್ರಮದಲ್ಲಿ ಕಣ್ಣಿಗೆ ಬರುತ್ತದೆ. ಬ್ರೇಕಿನ ಕಿರುಚಾಟ ನಿಂತ ಮೇಲೂ ನಾನು ಕೆಳಗೆ ನೋಡಲಿಲ್ಲ. ಕೈಯಲ್ಲಿದ್ದ ವಾಚು ನೋಡುತ್ತಿದ್ದೆ.

ಅವನು ಬದಿಗೆ ಹಾರಿದ್ದ, ಎರಡಾಳು ಎತ್ತರದಿಂದ, ಸೇತುವೆಯಡಿಯ ಒಣಗಿದ ತೋಡಿನ ಮರಳಿಗೆ. ಎಡಗಾಲು ಪಾದದ ಬಳಿ ಮುರಿದಿತ್ತು. ನಾನು ಇಳಿದು ಹೋದಾಗ ಮುಷ್ಟಿ ಬಿಚ್ಚಿ ತೋರಿಸಿದ. ಕೆಂಪು ಕಂಟೈನರ್, ಒಂದು ಬಾಗಿಲು ಕಿತ್ತು ಹೋಗಿತ್ತು. “ಸಿಕ್ಕಿತು,” ಎಂದ. ನಗಲು ನೋಡಿದ.

ಹಳಿ ಕಾಯುವ ಗ್ಯಾಂಗ್‌ಮನ್ ಬಾಬಣ್ಣ ಓಡಿ ಬಂದವನೇ ನನ್ನ ಮೇಲೆ ಏರಿದ. “ಮೇಲೆ ಕೂತಿದ್ದವ ನೀನು ಎಂತ ಮಾಡ್ತಾ ಇದ್ದೆ ಮಾರಾಯಾ? ಬಾಯಿ ಇರ್ಲಿಲ್ವಾ ನಿಂಗೆ?”

ಆಗ ಅದು ನನ್ನ ಬಾಯಿಂದ ಬಂತು. ಯೋಚಿಸಿ ಬಂದದ್ದಲ್ಲ, ಆದರೂ ಬಹಳ ಅಚ್ಚುಕಟ್ಟಾಗಿ ಬಂತು.

“ನಾನು ‘ಉಂತು, ಉಂತು’ ಅಂತ ಕೂಗಿದೆ. ಇವ ‘ಉಂಟು’ ಅಂತ ತಿಳ್ಕೊಂಡ.”

ಬಾಬಣ್ಣ ಕುಶಾಲಪ್ಪನ ಕಡೆ ತಿರುಗಿದ. “ನೀವು ಸುಳ್ಯದ ಆಚೆಯವರಾ? ಅದಕ್ಕೇ! ತುಳು ಸಮ ಕಲೀದೆ ಹಳಿಗೆ ಇಳೀಬಾರ್ದು ಮಾರಾಯ್ರೆ!”

ಕುಶಾಲಪ್ಪ ನನ್ನನ್ನೇ ನೋಡಿದ. ಅನುಮಾನ ಇರಲಿಲ್ಲ ಆ ಕಣ್ಣಲ್ಲಿ, ಅದನ್ನೇ ಹೇಳಬೇಕಾಗಿರುವುದು. “ಹೌದಾ? ನಂಗೆ ‘ಉಂಟು’ ಅಂತಲೇ ಕೇಳಿತು. ನನ್ನ ತಪ್ಪು. ನಿನ್ನನ್ನು ಹೆದರಿಸಿಬಿಟ್ಟೆ,” ಎಂದ. ಹೆದರಿದಾಗ ನನಗೆ ತುಳುವೇ ಬಾಯಿಗೆ ಬರುವುದೆಂದು ಅವನಿಗೆ ಗೊತ್ತಿತ್ತು. ಸುಳ್ಳಿಗೆ ಅಷ್ಟು ಆಧಾರ ಸಾಕಾಯಿತು.

ಕಾಲು ಎರಡು ತಿಂಗಳಲ್ಲಿ ಕೂಡಿತು, ಸ್ವಲ್ಪ ಕುಂಟು ಉಳಿಯಿತು. ಗಾಡಿಯ ಕತೆ ದರ್ಬೆಯ ಹೋಟೆಲಿನಲ್ಲಿ ನಗೆಯಾಯಿತು. ಅವನು ಚಾ ಕುಡಿಯಲು ಬಂದರೆ, “ಕುಶಾಲಪ್ಪಣ್ಣ, ವಡೆ ಉಂತು!” ಎಂದು ಯಾರಾದರೂ ಕೂಗುತ್ತಿದ್ದರು. ಅವನೂ ನಗುತ್ತಿದ್ದ, “ನಿಂತ ವಡೆಯೇ ಕೊಡಿ” ಎನ್ನುತ್ತಿದ್ದ. ನಾನೂ ನಕ್ಕಿದ್ದೇನೆ.

ಆ ಕೆಂಪು ಕಂಟೈನರನ್ನು ಅವನು ನನಗೇ ಕೊಟ್ಟ. “ಅಷ್ಟು ಕೂಗಿದ್ದಿ ನೀನು, ನಿಂಗೇ ಇರ್ಲಿ.” ಹತ್ತಿಯಲ್ಲಿ ಸುತ್ತಿ ಮೇಜಿನ ಸೆಳೆಖಾನೆಯಲ್ಲಿಟ್ಟೆ, ತೆರೆದು ನೋಡಲಾರದೆ.

ಅವನ ಕಿವಿ ಹೋದದ್ದು ನಿಧಾನವಾಗಿ ಗಮನಕ್ಕೆ ಬಂತು. ಕೇಳುತ್ತಿತ್ತು, ಆದರೆ ಕೇಳಿದ್ದನ್ನು ಅವನು ನಂಬುತ್ತಿರಲಿಲ್ಲ. ರೇಡಿಯೋಗೆ ತಲೆ ಓರೆ ಮಾಡಿ, ಮತ್ತೆ ನೇರ ಮಾಡಿ, “ಲೀಲಾ, ಒಮ್ಮೆ ಬಾ, ಗರಗರ ಉಂಟಾ ನೋಡು” ಎಂದು ಒಳಗಿನಿಂದ ಹೆಂಡತಿಯನ್ನು ಕರೆಯುತ್ತಿದ್ದ. ಲೀಲಾ ಇಲ್ಲದಿದ್ದರೆ ನನ್ನನ್ನು. ಅವನ ಕಿವಿಗೆ ನಾನು ಸಾಕ್ಷಿ! ಮಂಗಳೂರಿನ ಡಾಕ್ಟರೊಬ್ಬರು ಪರೀಕ್ಷಿಸಿ ಏನೂ ದೋಷವಿಲ್ಲ ಎಂದರು. ಬಸ್ಸಿಳಿದು ಬಂದವನು, “ಡಾಕ್ಟರಿಗೆ ಎಂತ ಗೊತ್ತು? ಸೇತುವೆ ಮೇಲೆ ನಿಂತದ್ದು ನಾನಲ್ವಾ?” ಎಂದ. ಅಲ್ಲಿಯೇ ಹೇಳಬಹುದಿತ್ತು. ಹೇಳಲಿಲ್ಲ. ನಿದ್ದೆ ಮಾತ್ರ ಪ್ರತಿ ರಾತ್ರಿ ಒಮ್ಮೆ ಒಡೆಯುತ್ತಿತ್ತು, ಎಂಜಿನಿನ ಕೂಗಿಗೆ.

ನಾಲ್ಕನೆಯ ವರ್ಷ ಒಂದು ಬೆಳಿಗ್ಗೆ ಹೋದಾಗ ಅವನು ಕಂಟೈನರುಗಳನ್ನು ಒಂದೊಂದಾಗಿ ಬಿಸ್ಕತ್ತಿನ ಡಬ್ಬಿಗೆ ತುಂಬುತ್ತಿದ್ದ. ಅಂಗಡಿ ಬಿಟ್ಟು ಆಲಂಕಾರಿನಲ್ಲಿ ತನ್ನ ಅಕ್ಕನ ಗಂಡನ ದಿನಸಿ ಅಂಗಡಿಗೆ ಸೇರುತ್ತಾನಂತೆ. “ಕಿವಿ ಸಮ ಇಲ್ಲದವ ರೇಡಿಯೋ ಎಂತ ಮಾಡುದು ಮಾರಾಯಾ? ಬೆಲ್ಲ ತೂಗಲಿಕ್ಕೆ ಕಣ್ಣು ಸಾಕು.”

ಮನೆಗೆ ಓಡಿ, ಹತ್ತಿಯ ಸುರುಳಿ ತಂದು ಅವನ ಬೆಂಚಿನ ಮೇಲಿಟ್ಟೆ.

“ನಾನು ಕೂಗಿದ್ದು ‘ಉಂಟು.’ ‘ಉಂತು’ ಅಲ್ಲ. ನೀನು ಹಿಂದೆ ಬರ್ತಿದ್ದೆ, ನಾನೇ ಮುಂದೆ ಕಳಿಸಿದೆ. ನೀನು ಸಮವೇ ಕೇಳಿದ್ದಿ.”

ಅವನು ಬಿಸ್ಕತ್ತಿನ ಡಬ್ಬಿ ಬದಿಗಿಟ್ಟ. ಬೆಂಚಿನ ಮೇಲೆ ಯಾರದ್ದೋ ರೇಡಿಯೋ ಬಿಚ್ಚಿಕೊಂಡು ಮಲಗಿತ್ತು. ಅದನ್ನು ಹಾಕಿದ. ಕಣ್ಣು ಮುಚ್ಚಿದ, ತಲೆ ಓರೆ ಮಾಡಿದ. ಒಳಗಿನ ಬಾಗಿಲಿನ ಕಡೆ ಒಮ್ಮೆ ಬಾಯಿ ತೆರೆದು, ಕರೆಯದೆ ಮುಚ್ಚಿದ.

“ಗರಗರ ಉಂಟು,” ಎಂದ.

“ಉಂಟು,” ಎಂದೆ.

“ನಿನ್ನತ್ರ ಕೇಳ್ಲಿಲ್ಲ.” ರೇಡಿಯೋ ಆರಿಸಿ ನನ್ನ ಕಡೆ ತಿರುಗಿದ. “ಕಾಲಿನದ್ದು ಬಿಡು. ನಾಲ್ಕು ವರ್ಷ ನನ್ನ ಕಿವಿಯನ್ನೇ ನಾನು ನಂಬ್ಲಿಲ್ಲ ಮಾರಾಯಾ. ನನಗೆ ಹೇಳಿದ್ದು ಸಾಕಾಗುದಿಲ್ಲ. ಹೋಟೆಲಲ್ಲಿ ಹೇಳು. ಎಲ್ಲರೂ ಕೂತಿರುವಾಗ.”

ಹೋಗಿ ಹೇಳಿದೆ, ಹತ್ತು ಗಂಟೆಯ ಚಾದ ಹೊತ್ತಿಗೆ, ನಿಂತುಕೊಂಡು. ಯಾರೂ ನಗಲಿಲ್ಲ. ವಡೆಯ ತಮಾಷೆ ಮಾಡುತ್ತಿದ್ದ ಹೋಟೆಲಿನ ಯಜಮಾನರು ನನ್ನ ಲೋಟ ಎತ್ತಿಕೊಂಡು ಹೋದರು, ಅರ್ಧ ಚಾ ಇರುವಾಗಲೇ.

ಅವನು ಆಲಂಕಾರಿಗೆ ಹೋಗಲಿಲ್ಲ. ಆದರೆ ನನ್ನನ್ನು ಕರೆಯಲೂ ಇಲ್ಲ. ಆದಿತ್ಯವಾರಗಳು ಖಾಲಿಯಾದವು. ನಾನು ಶಾಲೆಗೆ ಹೋಗುವಾಗ ಅಂಗಡಿಯ ಎದುರಿನ ಬದಿಯಲ್ಲಿ ನಡೆಯುತ್ತಿದ್ದೆ. ಕ್ಷಮೆ ಕೇಳಲು ಎಷ್ಟೋ ಸಲ ರಸ್ತೆ ದಾಟಿದ್ದೇನೆ, ಕೇಳದೆ ಮರಳಿದ್ದೇನೆ. ಕೇಳಿದರೆ ಅವನು ಕೊಟ್ಟುಬಿಡುವವನು.

ಐದಾರು ತಿಂಗಳ ಮೇಲೆ ಒಂದು ಬುಧವಾರ ಅಂಗಡಿಯಲ್ಲಿ ಗಿರಾಕಿಯೊಬ್ಬರ ಸ್ವರ ಏರಿತ್ತು. “ಸರಿ ಆಗ್ಲಿಲ್ಲ ಇದು, ಇನ್ನೂ ಗರಗರ ಕೇಳ್ತದೆ!” ಅದಕ್ಕೆ ಕುಶಾಲಪ್ಪನ ಉತ್ತರ ರಸ್ತೆಯ ಈಚೆಗೂ ಕೇಳಿಸಿತು. “ಇಲ್ಲ ಮಾರಾಯ್ರೆ, ಅದು ನಿಮ್ಮ ಸ್ಟೇಷನ್ನಿನದ್ದು. ನನ್ನ ಕಿವಿ ಹೇಳ್ತದಲ್ಲ!” ಲೀಲಾಳನ್ನು ಅವನು ಕರೆಯಲಿಲ್ಲ. ಹಿಂದಿನ ಗೋಡೆಯ ಪೆಟ್ಟಿಗೆಯಲ್ಲಿ ನೀಲಿ, ಹಸಿರು, ಬೂದು ಮತ್ತೆ ಸಾಲಾಗಿ ನಿಂತಿದ್ದವು. ಕೊನೆಯಲ್ಲಿ ಒಂದೇ ಬಾಗಿಲಿನ ಆ ಕೆಂಪು.

ನಾನು ಒಳಗೆ ಹೋಗಲಿಲ್ಲ. ಆ ಬುಧವಾರ ರಾತ್ರಿ ಮಲಗಿದವನಿಗೆ ಒಮ್ಮೆಯೂ ನಿದ್ದೆ ಒಡೆಯಲಿಲ್ಲ, ಎಚ್ಚರವಾದಾಗ ಶಾಲೆಯ ಮೊದಲ ಗಂಟೆ ಹೊಡೆಯುತ್ತಿತ್ತು.